ಹಿಂಗಾಲಿನ ಹಲ್ಲುಗಳು

ನಮ್ಮ ಸರ್ ನನ್ನನ್ನು ಜರ್ಮನಿಗೆ ಕಳಿಸಿದ್ದು ಒಂದು ಕಣಜದ ಹಿಂಗಾಲು ನೋಡಲಿಕ್ಕೆ. ಪಿಎಚ್‌ಡಿ, ಸ್ಕಾಲರ್‌ಶಿಪ್ಪು, ಪರದೇಶದ ಅನುಭವ, ಇವೆಲ್ಲ ಉಳಿದವರಿಗೆ ಹೇಳಿದ ಕಾರಣಗಳು. ನಮ್ಮಿಬ್ಬರ ನಡುವೆ ಇದ್ದದ್ದು ಅದೊಂದೇ ಕೆಲಸ. ನಾನು ಹೊರಡುವ ಹಿಂದಿನ ದಿನ ಧಾರವಾಡದ ಅವರ ಮನೆಯ ಪಡಸಾಲೆಯಲ್ಲಿ ಕೂತು, ಪೆನ್ಸಿಲಿನಲ್ಲಿ ತೆಗೆದ ಎರಡು ಚಿತ್ರಗಳನ್ನು ನನ್ನ ಕೈಗಿಟ್ಟರು.

"ನೋಡವಾ, ಇದರ ತೊಡಿಗೆ ಏಳು ದೊಡ್ಡ ಹಲ್ಲು. ಇದಕ್ಕ ಹನ್ನೊಂದು ಸಣ್ಣವು. ಅಲ್ಲಿ ಪೆಟ್ಟಿಗ್ಯಾಗ ಇರೋದು ಯಾವುದು, ಅಷ್ಟ ನೋಡಿ ಹೇಳು. ಮುಂದಿಂದು ನಾ ನೋಡಿಕೋತೀನಿ."

ಆ ಕಣಜ ಜೀರಿಗೆ ಕಾಳಿಗಿಂತ ತುಸು ದೊಡ್ಡದು. ಕಪ್ಪು ಮೈ. ಹಿಂಗಾಲಿನ ತೊಡೆ ಮಾತ್ರ ಪೈಲ್ವಾನನ ತೊಡೆಯಂತೆ ಉಬ್ಬಿಕೊಂಡು, ಅದರ ಕೆಳ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ಬೆಳೆ ತಿನ್ನುವ ಹುಳು ಕೋಶ ಕಟ್ಟಿ ಪತಂಗವಾಗಲು ಮಲಗಿರುವಾಗ ಈ ಕಣಜ ಬಂದು ಅದರೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ಹುಳುವನ್ನು ತಿಂದು ಮುಗಿಸಿ ಹೊರಬರುತ್ತದೆ. ಬೆಳೆ ಉಳಿಸುವ ಜೀವ ಅದು. ಹೊಲದವರು ಅದನ್ನು ಕಂಡರೂ ನೊಣ ಎಂದುಕೊಂಡು ಸುಮ್ಮನಾಗುತ್ತಾರೆ.

ಎಷ್ಟೋ ತಲೆಮಾರಿನ ಹಿಂದೆ ಧಾರವಾಡದಲ್ಲಿದ್ದ ಒಬ್ಬ ಜರ್ಮನ್ ಪಾದ್ರಿ ಹುಳುಹುಪ್ಪಟೆ ಹಿಡಿದು ತನ್ನ ದೇಶಕ್ಕೆ ಕಳಿಸುತ್ತಿದ್ದ. ಅದರಲ್ಲಿ ಈ ಜಾತಿಯ ಒಂದೇ ಒಂದು ಹೆಣ್ಣು ಕಣಜವಿತ್ತು. ಅಲ್ಲಿನ ಒಬ್ಬ ಪಂಡಿತ ನಾಲ್ಕು ಸಾಲು ಲ್ಯಾಟಿನ್ ಬರೆದು ಅದಕ್ಕೊಂದು ಹೆಸರಿಟ್ಟ. ತೊಡೆಗೆ ಹಲ್ಲುಗಳಿವೆ ಎಂದು ಬರೆದ. ಎಷ್ಟು ಎಂದು ಬರೆಯಲು ಅವನಿಗೆ ಪುರುಸೊತ್ತಿರಲಿಲ್ಲ. ನಮ್ಮ ಶಾಸ್ತ್ರದಲ್ಲಿ ಒಂದು ಹೆಸರು ಮೊದಲು ಯಾವ ಕೀಟಕ್ಕೆ ಇಡಲಾಯಿತೋ ಆ ಒಂದು ಕೀಟಕ್ಕೇ ಅದು ಕಟ್ಟಿಹಾಕಿದ್ದು. ಅದನ್ನು ಟೈಪ್ ಎನ್ನುತ್ತೇವೆ. ಸೂಜಿಗೆ ಕೆಂಪು ಚೀಟಿ ಚುಚ್ಚಿ ಬೇರೆ ಕಪಾಟಿನಲ್ಲಿ ಇಟ್ಟಿರುತ್ತಾರೆ. ಮುಂದೆ ಯಾರಿಗೆ ಸಂಶಯ ಬಂದರೂ ಕೊನೆಯ ಸಾಕ್ಷಿ ಅದೇ.

ಸರ್‌ಗೆ ಬಂದ ಸಂಶಯ ಇದು: ಕಾಲೇಜಿನ ಹಿಂದಿನ ಬೇಲಿಯಲ್ಲೇ ಅವರಿಗೆ ಎರಡು ಬಗೆಯ ಕಣಜ ಸಿಕ್ಕಿದ್ದವು. ಏಳು ಹಲ್ಲಿನದು, ಹನ್ನೊಂದು ಹಲ್ಲಿನದು. ಒಂದಕ್ಕೆ ಹೆಸರಿದೆ, ಇನ್ನೊಂದಕ್ಕಿಲ್ಲ. ಯಾವುದಕ್ಕೆ ಇಲ್ಲ ಎಂದು ತಿಳಿಯಬೇಕಾದರೆ ಜರ್ಮನಿಯ ಆ ಒಂದು ಕಾಲು ನೋಡಬೇಕು. ಹತ್ತೊಂಬತ್ತು ವರ್ಷ ಅವರು ಆ ಮ್ಯೂಸಿಯಮ್ಮಿಗೆ ಕಾಗದ ಬರೆದರು. ಉತ್ತರಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದರು. ಎಲ್ಲದರಲ್ಲೂ ಒಂದೇ ಮಾತು: ಟೈಪ್ ಮಾದರಿಯನ್ನು ಹೊರಗೆ ಕಳಿಸುವಂತಿಲ್ಲ, ತಾವೇ ಬಂದು ನೋಡುವುದಾದರೆ ಸ್ವಾಗತ. ಎರಡು ಸಲ ಅವರ ಲೇಖನ ಪತ್ರಿಕೆಯಿಂದ ವಾಪಸ್ಸು ಬಂತು, ಲೇಖಕರು ಟೈಪನ್ನು ಪರಿಶೀಲಿಸಿಲ್ಲ ಎಂಬ ಷರಾದೊಂದಿಗೆ. ಪ್ರಯಾಣಕ್ಕೆ ಅನುಮತಿ ಕೇಳಿ ಹೋದಾಗ ಮೇಲಿನ ಅಧಿಕಾರಿ, "ಒಂದು ನೊಣ ನೋಡಾಕ ಜರ್ಮನಿಗೆ ಹೋಗಬೇಕೇನ್ರಿ?" ಎಂದು ನಕ್ಕರಂತೆ. ಸರ್ ಅದನ್ನು ನಗುತ್ತಲೇ ಹೇಳುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡೇ ಇಲ್ಲ. ಸಿಟ್ಟೆಲ್ಲ ನನ್ನ ಪಾಲಿಗೆ ಬಂತು.

ನಾನು ಪಿಎಚ್‌ಡಿ ಮಾಡಿದ್ದು ಬೇರೆ ಊರಿನಲ್ಲಿ. ಅದು ಮುಗಿದು, ಮದುವೆಯಾಗಿ, ಮಗಳು ಹುಟ್ಟಿ, ಕೊನೆಗೆ ಆ ಕಣಜವಿದ್ದ ಮ್ಯೂಸಿಯಮ್ಮಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಕರಾರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮ್ಯೂಸಿಯಂ ಯಾವುದೆಂದು ಗೊತ್ತಾಗುತ್ತದೆ, ಗೊತ್ತಾಗಿ ಈಗ ಏನೂ ಆಗಬೇಕಾಗಿಲ್ಲ. ಅಷ್ಟರಲ್ಲಿ ನನ್ನ ಗಂಡನಿಗೆ ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನ ಕಂಪನಿಯೊಂದರಲ್ಲಿ ಕೆಲಸವಾಗಿತ್ತು. ಮಗಳು ನನ್ನ ಹತ್ತಿರ. ಅವರು ಶುಕ್ರವಾರದ ರೈಲಿಗೆ ಬಂದು ರವಿವಾರ ಸಂಜೆ ಹೋಗುತ್ತಿದ್ದರು. ಹೋದ ಮೇಲೆ ನಾನು ಸರ್‌ಗೆ ಫೋನ್ ಹಚ್ಚುತ್ತಿದ್ದೆ.

ಮೊದಲ ವಾರವೇ ವಿಭಾಗದ ಮುಖ್ಯಸ್ಥರಲ್ಲಿ ಟೈಪ್ ಕಪಾಟಿನ ಮಾತು ತೆಗೆದೆ. ಎತ್ತರದ, ಮೆಲುಮಾತಿನ ಮನುಷ್ಯ. ಬಂದವರಿಗೆ ತಾನೇ ಕಾಫಿ ಮಾಡಿ ಕೊಡುವವರು. "ಖಂಡಿತ. ಆದರೆ ಆ ಕಪಾಟುಗಳನ್ನು ಸದ್ಯದಲ್ಲೇ ಹೊಸ ಕಟ್ಟಡಕ್ಕೆ ಸಾಗಿಸಬೇಕು, ಈಗ ಮುಟ್ಟುವುದು ಬೇಡ. ಸಾಗಿಸಿದ ಮೇಲೆ ನೋಡಿ," ಎಂದರು. ಮೂರು ತಿಂಗಳ ಮೇಲೆ ಮತ್ತೆ ಕೇಳಿದೆ. ಕೀಲಿ ಆಡಳಿತ ಕಚೇರಿಯಲ್ಲಿದೆ ಎಂದರು. ಹೀಗೇ ಒಂದೂವರೆ ವರ್ಷ ಹೋಯಿತು.

ಆ ಒಂದೂವರೆ ವರ್ಷ ನಾನು ಸುಮ್ಮನೆ ಕೂತಿರಲಿಲ್ಲ. ಬಲೆಗೆ ಬಿದ್ದು ಸ್ಪಿರಿಟ್ಟಿನ ಬಾಟಲಿಗಳಲ್ಲಿ ಕೂಡಿಬಿದ್ದಿದ್ದ ಕಣಜಗಳನ್ನು ಒಂದೊಂದಾಗಿ ತೆಗೆದು, ಒಣಗಿಸಿ, ಸೂಜಿಗೆ ಏರಿಸಿ, ಮೈಕ್ರೊಸ್ಕೋಪಿನ ಕೆಳಗೆ ಇಟ್ಟು, ಹೆಸರಿಲ್ಲದವಕ್ಕೆ ಹೆಸರು ಹುಡುಕುವುದು ನನ್ನ ಕೆಲಸ. ಒಂದು ಹೊಸ ಜಾತಿ ಹೊಸದೇ ಎಂದು ಹೇಳಬೇಕಾದರೆ, ಹಳೆಯವೆಲ್ಲ ಇದಲ್ಲ ಎಂದು ಮೊದಲು ತೋರಿಸಬೇಕು. ತಿಂಗಳುಗಟ್ಟಲೆ ಒಂದು ಮೀಸೆಯ ಕೂದಲು ನೋಡುವ ಕೆಲಸ. ಬರೆದ ಪುಟಗಳನ್ನು ಓದುವವರು ಜಗತ್ತಿನಲ್ಲಿ ಐದಾರು ಮಂದಿ, ಅವರಲ್ಲಿ ಇಬ್ಬರು ತಪ್ಪು ಹುಡುಕಲು ಓದುವವರು. ಆದರೂ ಮುಂಜಾನೆ ಲೆನ್ಸಿಗೆ ಕಣ್ಣಿಟ್ಟು, ಈ ತನಕ ಯಾರೂ ಬೇರೆ ಎಂದು ಗುರುತಿಸದ ಜೀವವೊಂದನ್ನು ಮೊದಲ ಸಲ ಗುರುತಿಸಿದಾಗ ಆಗುತ್ತಿದ್ದ ಸಂತೋಷ ಸುಳ್ಳಲ್ಲ. ಅದೊಂದು ಇಲ್ಲದಿದ್ದರೆ ಯಾರೂ ಈ ಕೆಲಸಕ್ಕೆ ಬರುತ್ತಿರಲಿಲ್ಲ.

ಕೊನೆಗೂ ಕಪಾಟುಗಳನ್ನು ಸಾಗಿಸುವ ದಿನ ಬಂತು. ಮುಖ್ಯಸ್ಥರು ಯಾವುದೋ ಸಭೆಗೆ ಬೇರೆ ಊರಿಗೆ ಹೋಗಿದ್ದರು. ಮಾದರಿಗಳನ್ನು ನೋಡಿಕೊಳ್ಳುವ ಒಬ್ಬ ಹಿರಿಯ ಹೆಂಗಸು ಅಲ್ಲಿದ್ದಳು. ಮೂವತ್ತು ವರ್ಷದಿಂದ ಅದೇ ಕೆಲಸ, ನಿವೃತ್ತಿಗೆ ಹತ್ತಿರ. ಕಟ್ಟುನಿಟ್ಟಿನವಳು, ಒಂದು ಮಾತು ಹೆಚ್ಚಿಲ್ಲ. ಕೀಲಿ ಅವಳ ಏಪ್ರನ್ನಿನ ಜೇಬಿನಲ್ಲೇ ಇತ್ತು. ಯಾವಾಗಲೂ ಅಲ್ಲೇ ಇತ್ತಂತೆ.

ನಾನು ಬೇಕಾದ ಹೆಸರು ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ಎಳೆದು ಮೇಜಿನ ಮೇಲಿಟ್ಟಳು. ಸೂಜಿ ಇತ್ತು. ಕೆಂಪು ಚೀಟಿ ಇತ್ತು. ಅದರ ಕೆಳಗೆ, ಹಳೆಯ ಜರ್ಮನ್ ಬರಹದಲ್ಲಿ, ಮಸಿ ಕಂದಾದ ಇನ್ನೊಂದು ಚೀಟಿಯಲ್ಲಿ ನಮ್ಮ ಊರಿನ ಹೆಸರಿತ್ತು. ಕಣಜ ಇರಲಿಲ್ಲ. ಸೂಜಿಯ ಬುಡದಲ್ಲಿ ಒಂದು ಚಿಟಿಕೆ ನಸ್ಯದಂಥ ಪುಡಿ, ಅದರ ಪಕ್ಕ ಕೂದಲುಳ್ಳ ಪುಟ್ಟ ಪೊರೆಗಳು. ಸತ್ತ ಕೀಟಗಳನ್ನೇ ತಿಂದು ಬದುಕುವ ಒಂದು ಜೀರುಂಡೆಯಿದೆ, ಅದರ ಮರಿ ಕಳಚಿದ ಪೊರೆ ಅದು. ಪೆಟ್ಟಿಗೆಯಲ್ಲಿ ಔಷಧಿ ಹಾಕುವುದು ಒಂದೆರಡು ವರ್ಷ ತಪ್ಪಿದರೆ ಸಾಕು.

"ಇದು ಇವತ್ತಿನದಲ್ಲ," ಎಂದಳು ಆಕೆ. "ನಾನು ಆಗಲೇ ಬರೆದು ಕೊಟ್ಟಿದ್ದೆ."

ಪೆಟ್ಟಿಗೆಯ ಮೂಲೆಯಲ್ಲಿ ಅವಳದೇ ಅಕ್ಷರದ ಒಂದು ತುಂಡು ಕಾಗದ ಚುಚ್ಚಿತ್ತು. ಟೈಪ್ ನಾಶವಾಗಿದೆ, ಮುಖ್ಯಸ್ಥರಿಗೆ ತಿಳಿಸಲಾಗಿದೆ. ಕೆಳಗೆ ತಾರೀಖು. ಹದಿನಾರು ವರ್ಷ ಹಳೆಯದು. ನಾನು ಧಾರವಾಡ ಬಿಡುವ ಮುಂಚಿನ ವರ್ಷ ಸರ್‌ಗೆ ಬಂದಿದ್ದ ಕೊನೆಯ ಉತ್ತರ ನನಗೆ ಚೆನ್ನಾಗಿ ನೆನಪಿತ್ತು, ಅದನ್ನು ಫೈಲಿಗೆ ಸೇರಿಸಿದವಳು ನಾನೇ. ಆ ಉತ್ತರ ಈ ಚೀಟಿಯ ನಂತರದ್ದು. ಸಹಿ ಮುಖ್ಯಸ್ಥರದು. ತಾವೇ ಬಂದು ನೋಡುವುದಾದರೆ ಸ್ವಾಗತ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಟೈಪ್ ಹಾಳಾದರೆ ಶಾಸ್ತ್ರ ಮುಳುಗುವುದಿಲ್ಲ. ಅದನ್ನು ಕಾಪಾಡುವ ಮ್ಯೂಸಿಯಂ ಹಾಳಾಗಿದೆ ಎಂದು ಒಪ್ಪಿದರೆ, ಅದೇ ಊರಿನ ಇನ್ನೊಂದು ಕೀಟವನ್ನು ಬದಲಿ ಟೈಪ್ ಎಂದು ಗೊತ್ತುಮಾಡಲು ನಿಯಮವಿದೆ. ಸರ್ ಏಳು ಹಲ್ಲಿನದನ್ನು ಹಳೆಯ ಹೆಸರಿಗೆ ಕಟ್ಟಿ, ಹನ್ನೊಂದು ಹಲ್ಲಿನದಕ್ಕೆ ಹೊಸ ಹೆಸರಿಟ್ಟು, ಲೇಖನವನ್ನು ಮರುದಿನವೇ ಅಂಚೆಗೆ ಹಾಕಬಹುದಿತ್ತು. ಎಲ್ಲ ಸಿದ್ಧವಿತ್ತು. ಅವರಿಗೆ ಬೇಕಾಗಿದ್ದದ್ದು ಎರಡು ಸಾಲಿನ ಒಂದು ಕಾಗದ ಮಾತ್ರ.

ಮುಖ್ಯಸ್ಥರು ವಾಪಸ್ಸು ಬಂದ ದಿನ ಅವರ ಕೋಣೆಗೆ ಹೋದೆ. ಕಾಫಿ ಕೊಟ್ಟರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ದುಃಖದ ಸಂಗತಿ," ಎಂದರು. "ಆದರೆ ಈ ವರ್ಷ ನಮ್ಮ ಮ್ಯೂಸಿಯಮ್ಮಿನ ಮೌಲ್ಯಮಾಪನ ನಡೆಯುತ್ತಿದೆ. ಟೈಪ್ ಕಪಾಟಿನಲ್ಲಿ ಹುಳ ಬಿದ್ದಿತ್ತು ಎಂದರೆ ಸಮಿತಿಯವರು ಏನು ಬರೆಯುತ್ತಾರೆ ಊಹಿಸಿ. ಅದು ಮುಗಿಯಲಿ, ನಾವೇ ಪ್ರಕಟಿಸೋಣ."

"ನಮ್ಮ ಸರ್‌ಗೆ ಖಾಸಗಿಯಾಗಿ ತಿಳಿಸಬಹುದಲ್ಲ?"

"ಖಾಸಗಿ ಎನ್ನುವುದು ಇರುವುದಿಲ್ಲ. ಅವರು ಅದನ್ನು ಲೇಖನದಲ್ಲಿ ಬರೆಯಬೇಕಾಗುತ್ತದೆ." ನನ್ನ ಕಪ್ಪಿಗೆ ಮತ್ತೆ ಕಾಫಿ ಸುರಿದು, ಅದೇ ಮೆಲುದನಿಯಲ್ಲಿ, "ನಿಮ್ಮ ಕರಾರು ಮುಂದುವರಿಸುವ ಅರ್ಜಿಗೂ ನಾನು ಈ ತಿಂಗಳೇ ಬರೆಯಬೇಕು," ಎಂದರು.

ಅದು ಬೆದರಿಕೆ ಎಂದು ಯಾರಿಗೂ ಸಾಬೀತು ಮಾಡಲಾಗುವುದಿಲ್ಲ.

ಆ ಶುಕ್ರವಾರ ಗಂಡನಿಗೆ ಎಲ್ಲ ಹೇಳಿದೆ. ಅವರು ಬಾಗಲಕೋಟೆಯವರು, ನೇರ ಮನುಷ್ಯ. ಊಟ ಮಾಡುತ್ತಾ ಯೋಚಿಸಿದರು.

"ನಿನ್ನ ಕರಾರು ರಿನ್ಯೂ ಆಗೋತನಕ ಸುಮ್ನಿರು. ನಂದೂ ಇನ್ನಾ ಕಾಯಂ ಆಗಿಲ್ಲ. ಇಬ್ಬರದೂ ಕೆಲಸ ಹೋತಂದ್ರ ವೀಸಾದ ಗತಿ ಏನು? ಆರು ತಿಂಗಳಿನ್ಯಾಗ ಏನು ಮುಳುಗಿ ಹೋಗೂದಿಲ್ಲ. ಇಷ್ಟು ವರ್ಷ ಕಾದಾರ ಅವ್ರು."

ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ನನಗೆ ಬೇಕಾಗಿದ್ದ ಮಾತನ್ನೇ ಅವರು ಆಡಿದರು.

ರವಿವಾರ ಫೋನ್ ಹಚ್ಚಿದೆ. ಸರ್ ಒಂದೇ ರಿಂಗಿಗೆ ಎತ್ತಿದರು.

"ಏನವಾ, ಕಪಾಟು ತೆಗದ್ರೇನು?"

"ಇಲ್ರೀ ಸರ್. ಇನ್ನಾ ಕೀಲಿ ಸಿಕ್ಕಿಲ್ಲ."

"ಅವಸರ ಇಲ್ಲ ಬಿಡು. ದೊಡ್ಡ ಸಂಸ್ಥಾ, ನೂರಾ ಎಂಟು ಕೆಲಸ ಇರ್ತಾವ ಅವರಿಗೆ."

ಮ್ಯೂಸಿಯಮ್ಮಿನವರ ಪರವಾಗಿ ಸರ್ ತಾವೇ ವಕಾಲತ್ತು ಮಾಡುತ್ತಿದ್ದರು. ಮುಂದಿನ ರವಿವಾರ ಅದೇ ಪ್ರಶ್ನೆ, ಅದೇ ಉತ್ತರ. ಅದರ ಮುಂದಿನದೂ ಅದೇ. ಒಮ್ಮೊಮ್ಮೆ ಸುಳ್ಳಿಗೆ ಅಲಂಕಾರ ಮಾಡುತ್ತಿದ್ದೆ. ಕೀಲಿ ಇರುವವರು ರಜೆಯ ಮೇಲೆ ಹೋಗಿದ್ದಾರೆ, ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾರೆ ಎನ್ನುತ್ತಿದ್ದೆ. ಒಂದು ದಿನ ಫೋನಿಟ್ಟ ಮೇಲೆ, ಪಕ್ಕದಲ್ಲಿ ಚಿತ್ರ ಬಿಡಿಸುತ್ತಿದ್ದ ನನ್ನ ಎಂಟು ವರ್ಷದ ಮಗಳು ತಲೆ ಎತ್ತದೆ ಜರ್ಮನ್‌ನಲ್ಲಿ ಕೇಳಿದಳು, ಅಮ್ಮ, ಕೀಲಿ ನಿಮ್ಮ ಆಫೀಸಿನ ಅಜ್ಜಿಯ ಜೇಬಿನಲ್ಲಿರುತ್ತದೆ ಅಂದಿದ್ದೆಯಲ್ಲ, ಎಂದು. ಅವಳು ಕನ್ನಡ ಮಾತಾಡುವುದಿಲ್ಲ, ಆದರೆ ಎಲ್ಲ ಅರ್ಥವಾಗುತ್ತದೆ. ದೊಡ್ಡವರ ವಿಷಯ ನಿನಗೆ ತಿಳಿಯುವುದಿಲ್ಲ ಎಂದು ಗದರಿದೆ. ಅವಳು ಮತ್ತೆ ಕೇಳಲಿಲ್ಲ.

ಕರಾರು ಮುಂದುವರಿಯಿತು. ಮೌಲ್ಯಮಾಪನ ಮಾತ್ರ ಮುಂದಕ್ಕೆ ಹೋಯಿತು. ಈಗ ಹೇಳಿಬಿಡಬಹುದಿತ್ತು. ಆದರೆ ಎಂಟು ತಿಂಗಳು ಸುಳ್ಳು ಹೇಳಿದವಳು ಒಂಬತ್ತನೆಯ ತಿಂಗಳು ನಿಜ ಹೇಳಲು, ಮೊದಲು ಆ ಎಂಟು ತಿಂಗಳ ಲೆಕ್ಕ ಒಪ್ಪಿಸಬೇಕಾಗುತ್ತದೆ. ನನಗೆ ಬಾಯಿ ಬರಲಿಲ್ಲ. ಒಂದು ಬುಧವಾರ, ಲ್ಯಾಬಿನಲ್ಲಿದ್ದಾಗ, ಧಾರವಾಡದ ಸಹಪಾಠಿಯೊಬ್ಬಳ ಮೆಸೇಜು ಬಂತು. ಸರ್ ಮುಂಜಾನೆ ವಾಕಿಂಗ್‌ಗೆ ಹೋಗಿ ಬಂದು, ಕುರ್ಚಿಯ ಮೇಲೆ ಕೂತವರು ಹಾಗೇ ಹೋಗಿಬಿಟ್ಟಿದ್ದರು. ನಾನು ಕೈಯಲ್ಲಿದ್ದ ಕಣಜವನ್ನು ಸೂಜಿಗೆ ಏರಿಸಿ ಮುಗಿಸಿದೆ. ಅರ್ಧಕ್ಕೆ ಬಿಟ್ಟರೆ ಕಾಲು ಮುರಿಯುತ್ತದೆ.

ಮೌಲ್ಯಮಾಪನ ಮುಗಿದ ತಿಂಗಳೇ ಮುಖ್ಯಸ್ಥರು ನನ್ನನ್ನು ಕರೆದರು. ಈಗ ಆ ಲೇಖನ ಮಾಡೋಣ ಎಂದರು. ಸರ್ ಹಿಡಿದಿಟ್ಟಿದ್ದ ಕಣಜಗಳನ್ನು ಅವರ ಕಾಲೇಜು ಬೆಂಗಳೂರಿನ ಒಂದು ಸಂಗ್ರಹಾಲಯಕ್ಕೆ ಕೊಟ್ಟಿತ್ತು. ನಾನು ಹೋಗಿ ಅಲ್ಲೇ ಕೂತು ಅಳೆದೆ, ಚಿತ್ರ ತೆಗೆದೆ. ಧಾರವಾಡಕ್ಕೆ ಒಂದು ರಾತ್ರಿಯ ಪ್ರಯಾಣ, ಹೋಗಲಿಲ್ಲ. ವಾಪಸ್ಸು ಬಂದು, ಲೇಖನದ ಮೊದಲ ಹೆಸರು ನಮ್ಮ ಸರ್‌ದು ಇರಬೇಕು, ಕೆಲಸವೆಲ್ಲ ಅವರದು ಎಂದೆ.

"ಲೇಖಕರೆಲ್ಲ ಸಹಿ ಹಾಕಬೇಕಲ್ಲ," ಎಂದರು ಮುಖ್ಯಸ್ಥರು. "ತೀರಿಹೋದವರು ಒಪ್ಪಿಗೆ ಕೊಡಲಾರರು. ಹೊಸ ಜಾತಿಗೆ ಅವರ ಹೆಸರಿಡೋಣ. ಅದು ಹೆಚ್ಚಿನ ಗೌರವ."

ಅದೂ ಸರಿಯೇ. ಲೇಖಕರಾಗಿದ್ದರೆ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದು ನಮ್ಮಲ್ಲಿ ನಗೆಪಾಟಲು. ಸತ್ತದ್ದರಿಂದ ಅವರಿಗೆ ಆ ಭಾಗ್ಯ.

ಅವರು ಬರೆದು ಕಳಿಸಿದ ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: ಮೂಲ ಟೈಪ್ ಈಗ ಲಭ್ಯವಿಲ್ಲ, ಬಹುಶಃ ಯುದ್ಧಕಾಲದಲ್ಲಿ ನಷ್ಟವಾಗಿದೆ. ನಾನು ಕರಡನ್ನು ಹಿಡಿದುಕೊಂಡು ಹೋದೆ.

"ಇದು ಸುಳ್ಳು."

"ಬಹುಶಃ ಎಂದಿದೆಯಲ್ಲ."

"ನಾನು ಪುಡಿ ನೋಡಿದ್ದೇನೆ, ನಿಮಗೂ ಗೊತ್ತು. ಚೀಟಿ ಇದೆ."

"ಯಾವ ಚೀಟಿ?" ಎಂದರು. ಮುಖದಲ್ಲಿ ಏನೂ ಇರಲಿಲ್ಲ.

ಹೊಸ ಕಟ್ಟಡಕ್ಕೆ ಹೋಗಿ ಪೆಟ್ಟಿಗೆ ತೆಗೆಸಿದೆ. ಒಳಗೆ ಹೊಸ ಬಿಳಿ ಹಾಸು ಹಾಕಿ ಚೊಕ್ಕಟ ಮಾಡಿದ್ದರು. ಸೂಜಿಯೂ ಇರಲಿಲ್ಲ. ನಾನು ಆ ದಿನ ಒಂದೂ ಫೋಟೋ ತೆಗೆದಿರಲಿಲ್ಲ. ಜೀರಿಗೆ ಕಾಳಿನಷ್ಟರ ಕಣಜಕ್ಕೆ ಇಪ್ಪತ್ತು ಫೋಟೋ ತೆಗೆಯುವವಳು.

ಈ ದೇಶದಲ್ಲಿ ಯುದ್ಧದ ಹೆಸರು ಹೇಳಿದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಎಷ್ಟೋ ಮ್ಯೂಸಿಯಮ್ಮುಗಳು ನಿಜವಾಗಿಯೂ ಸುಟ್ಟು ಹೋಗಿದ್ದವು. ಆ ಬೆಂಕಿಯ ಮರೆಯಲ್ಲಿ ಒಂದು ಜೀರುಂಡೆ ಆರಾಮಾಗಿ ಕೂಡಬಹುದು.

ಒಂದು ವಾರ ಸಹಿ ಹಾಕಲಿಲ್ಲ. ಆಮೇಲೆ ಹಾಕಿದೆ. ಹಾಕದಿದ್ದರೆ ಹನ್ನೊಂದು ಹಲ್ಲಿನ ಕಣಜ ಹೆಸರಿಲ್ಲದೆ ಉಳಿಯುತ್ತದೆ, ಸರ್ ಹೆಸರೂ ಎಲ್ಲೂ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಾರಣ ಅರ್ಧ ನಿಜ. ಉಳಿದರ್ಧ ಏನೆಂದು ಬರೆಯುವ ಅಗತ್ಯವಿಲ್ಲ, ನನ್ನ ಹೆಸರು ಎರಡನೆಯದಾಗಿ ಅಚ್ಚಾಗಿದೆ.

ಲೇಖನ ಬಂದ ವರ್ಷದ ಡಿಸೆಂಬರಿನಲ್ಲಿ ಅದರ ಪ್ರತಿಯನ್ನು ತೆಗೆದುಕೊಂಡು ಧಾರವಾಡಕ್ಕೆ ಹೋದೆ. ಸರ್ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಬಾಗಿಲು ತೆಗೆದರು. ಅವಲಕ್ಕಿ ಕೊಟ್ಟರು, ಮಗಳು ಎಷ್ಟು ಎತ್ತರ ಆಗಿದ್ದಾಳೆ ಎಂದು ಕೇಳಿದರು. ಪುಟ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು, ಲ್ಯಾಟಿನ್ ಬಾಲ ಹಚ್ಚಿಕೊಂಡಿದ್ದ ಗಂಡನ ಹೆಸರಿನ ಮೇಲೆ ಬೆರಳಾಡಿಸಿದರು.

"ಛಲೋ ಆತು," ಎಂದರು. "ಅಂತೂ ಕೀಲಿ ಸಿಕ್ತೇನವಾ?"

ಆ ಮನೆಗೂ ಕೀಲಿಯ ಸುದ್ದಿ ಪ್ರತಿ ವಾರ ಮುಟ್ಟಿದೆ ಎಂದು ನನಗೆ ಹೊಳೆದದ್ದೇ ಆಗ. ಹೇಳಿದೆ. ಮೊದಲಿನಿಂದ ಹೇಳಿದೆ, ಪುಡಿ, ಚೀಟಿ, ಕರಾರು, ರವಿವಾರದ ಸುಳ್ಳುಗಳು, ಎಲ್ಲ. ನಾನು ಅತ್ತೆ. ಕಾಕು ಅಳಲಿಲ್ಲ.

"ರಾತ್ರಿ ಊಟ ಆದಕೂಡಲೇ ಮಲಗೋ ರೂಢಿ ಇತ್ತು ಅವ್ರಿಗೆ," ಎಂದರು ಕೊನೆಗೆ. "ನಿನ್ನ ಫೋನ್ ಬರ್ತದಂತ ಆ ಎರಡು ವರ್ಷ ರವಿವಾರ ಮಲಗಲಿಲ್ಲ. ಫೋನ್ ಮುಂದ ಕೂಡ್ತಿದ್ರು. ಅಲ್ಲಿ ಹುಳ ತಿಂದು ಖಾಲಿ ಆಗೇದಂತ ಅಂದಿದ್ರ, ನಕ್ಕು ಬರಿಯಾಕ ಕೂಡ್ತಿದ್ರವಾ. ಅವ್ರ ಸ್ವಭಾವ ನಿನಗ ಗೊತ್ತಿತ್ತಲ್ಲ."

"ಗೊತ್ತಿತ್ತು ಕಾಕು."

"ಗೊತ್ತಿತ್ತು," ಎಂದು ಅವರೂ ಅಂದರು. ಆಮೇಲೆ ಪ್ರತಿಯನ್ನು ಮಡಚಿ ನನ್ನ ಕೈಗೇ ವಾಪಸ್ಸು ಕೊಟ್ಟು, "ಇದು ನಿನ್ನ ಹತ್ರ ಇರಲಿ. ನನಗ ಇಂಗ್ಲಿಷ್ ಓದಾಕ ಬರೂದಿಲ್ಲ," ಎಂದರು. ಅವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು.

ಜರ್ಮನಿಗೆ ಮರಳಿದ ಮೇಲೆ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಟೈಪ್ ಯುದ್ಧದಲ್ಲಿ ಹೋದದ್ದಲ್ಲ, ಕಪಾಟಿನಲ್ಲಿ ಹುಳ ತಿಂದದ್ದು, ಅದು ಸಂಸ್ಥೆಗೆ ತಿಳಿದಿತ್ತು ಎಂದು. ಸಂಪಾದಕರು ಸೌಜನ್ಯದಿಂದ ಉತ್ತರಿಸಿದರು. ತಿದ್ದುಪಡಿಗೆ ಇಬ್ಬರು ಲೇಖಕರ ಒಪ್ಪಿಗೆಯೂ ಬೇಕು, ಆಧಾರವೂ ಬೇಕು. ಒಪ್ಪಿಗೆ ಸಿಗಲಿಲ್ಲ. ಆಧಾರವೆಂದರೆ ನಿವೃತ್ತಳಾಗಿ ಮನೆಯಲ್ಲಿದ್ದ ಆ ಹೆಂಗಸು. ಫೋನ್ ಮಾಡಿದೆ. "ಚೀಟಿ ಬರೆದವಳು ನಾನೇ. ಯಾರಾದರೂ ಕೇಳಿದರೆ ಹೇಳುತ್ತೇನೆ," ಎಂದಳು. ಅವಳ ಹೆಸರನ್ನು ಸಂಪಾದಕರಿಗೆ ಬರೆದೆ. ಅವಳನ್ನು ಯಾರೂ ಕೇಳಲಿಲ್ಲ.

ಮುಂದಿನ ಸಲ ನನ್ನ ಕರಾರು ಮುಂದುವರಿಯಲಿಲ್ಲ. ಅದಕ್ಕೆ ಈ ತಿದ್ದುಪಡಿ ಕಾರಣ ಎಂದು ಹೇಳಲಾರೆ. ಇಲ್ಲಿ ವಿಜ್ಞಾನದ ಕೆಲಸದಲ್ಲಿ ಇಂತಿಷ್ಟೇ ವರ್ಷ ತಾತ್ಕಾಲಿಕವಾಗಿ ಇರಬಹುದು, ಆಮೇಲೆ ಕಾಯಂ ಆಗಬೇಕು, ಇಲ್ಲವೇ ಹೊರಗೆ ನಡೆಯಬೇಕು. ನನ್ನ ವರ್ಷಗಳು ಹೇಗೂ ಮುಗಿಯಲಿದ್ದವು. ಮುಖ್ಯಸ್ಥರು ಒಳ್ಳೆಯ ಶಿಫಾರಸು ಪತ್ರ ಬರೆದುಕೊಟ್ಟರು, ಬಹಳ ಪ್ರಾಮಾಣಿಕಳು ಎಂದು ಅದರಲ್ಲಿದೆ.

ಈಗ ಇಂಗೋಲ್‌ಸ್ಟಾಟ್‌ನಲ್ಲಿ ಗಂಡ, ಮಗಳ ಜೊತೆಗೇ ಇದ್ದೇನೆ. ಎಲ್ಲಾದರೂ ಗೋದಾಮೋ ಪಾರ್ಕಿಂಗೋ ಕಟ್ಟುವ ಮೊದಲು, ಆ ಹುಲ್ಲುಗಾವಲಿನಲ್ಲಿ ಯಾವ ಯಾವ ಕೀಟಗಳಿವೆ ಎಂದು ಪಟ್ಟಿ ಮಾಡಿಕೊಡುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ. ಪಟ್ಟಿ ಕೊಟ್ಟ ಮೇಲೆ ಹೆಚ್ಚಿನ ಕಡೆ ಕಟ್ಟಡ ಏಳುತ್ತದೆ. ಹೋದ ಜೂನ್‌ನಲ್ಲಿ ರಿಂಗ್ ರೋಡಿನ ಪಕ್ಕದ ಒಂದು ಜಾಗದಲ್ಲಿ ಬಲೆ ಬೀಸಿದಾಗ ದಪ್ಪ ತೊಡೆಯ ಕಣಜವೊಂದು ಸಿಕ್ಕಿತು. ಲೆನ್ಸ್ ತೆಗೆದು ಹಲ್ಲು ಎಣಿಸಿದೆ. ಇಲ್ಲಿ ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಜಾತಿಯೇ. ಪಟ್ಟಿಯಲ್ಲಿ ಬರೆದುಕೊಂಡು ಬಿಟ್ಟುಬಿಟ್ಟೆ. ಬಸ್ಸಿಗೆ ಹೊತ್ತಾಗಿತ್ತು.